ಅಪ್ಪನ ತಾಳಮದ್ದಳೆ ಕ್ಯಾಸೆಟ್ಟು, ಫೂಬಾರ್ ಮತ್ತು ಒಂದು ಹೈಫನ್ನು

ಮೊನ್ನೆ ಮಸ್ಕತ್ತಿನಿಂದ ಬಾವ ಫೋನ್ ಮಾಡಿದ್ದರು. "ಬಾವಾ, ಚಂಡೆ ಚಂಡೆಯ ಹಾಗೇ ಕೇಳ್ತದಲ್ಲ ಮಾರಾಯ್ರೆ, ಎಂತ ಮಾಡಿದ್ರಿ?" ಇದೇ ಬಾವ ಆರು ತಿಂಗಳ ಹಿಂದೆ, "ಹನ್ನೊಂದು ಎಂಬಿಯಲ್ಲಿ ಮುಕ್ಕಾಲು ಗಂಟೆ ತಾಳಮದ್ದಳೆಯಾ? ಕೇಳ್ಲಿಕ್ಕೆ ಆಗುದಿಲ್ಲ ಬಿಡಿ" ಎಂದಿದ್ದವರು. ಅಪ್ಪನ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಫೋನಿಗೆ ಕಳಿಸುವಷ್ಟು ಚಿಕ್ಕ ಫೈಲು ಮಾಡಿದ ಕತೆ ಇದು, ಆ ಖುಷಿಗೇ ಬರೆಯುತ್ತಿದ್ದೇನೆ.

ಅಪ್ಪ ಬಿಟ್ಟುಹೋದ ಕ್ಯಾಸೆಟ್ಟುಗಳು 140ರ ಮೇಲೆ. ಅರುವತ್ತು ನಿಮಿಷದ ಸಿ-60, ತೊಂಬತ್ತರ ಸಿ-90, ಹೆಚ್ಚಿನವು ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಇರುವಂಥವು. ಪೇಟೆಯ ಸ್ಟುಡಿಯೋದವರು ಕ್ಯಾಸೆಟ್ಟಿಗೆ 200 ರೂಪಾಯಿ ಹೇಳಿದರು. ಇಪ್ಪತ್ತೆಂಟು ಸಾವಿರ! ಅದರ ಬದಲು ಜಾಣತನ ಮಾಡುತ್ತೇನೆಂದು 1,900 ಕೊಟ್ಟು ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತರಿಸಿದೆ. ಅದರ ಮೋಟಾರು ಓಡುವ ಚಂದಕ್ಕೆ ಶೇಣಿಯವರ ದನಿ ಒಮ್ಮೆ ರಾವಣನದು, ಒಮ್ಮೆ ಬಾಲಗೋಪಾಲನದು. ಕೊನೆಗೆ ಅಪ್ಪನ ಹಳೆಯ ಡೆಕ್ಕನ್ನೇ ಅಟ್ಟದಿಂದ ಇಳಿಸಿದೆ. ಬೆಲ್ಟಿಗೆ 180, ಸೌಂಡ್ ಕಾರ್ಡಿಗೆ ಎಂಟುನೂರರ ಆಸುಪಾಸು ಖರ್ಚಾಯಿತು. ಈವರೆಗೆ 120ರ ಹತ್ತಿರ ಮುಗಿದಿವೆ. ಸುಮಾರು 160 ಗಂಟೆ ಆಯಿತು, ಕುಗ್ಗಿಸದ ವೇವ್ ಫೈಲಾಗಿಯೇ ಇಟ್ಟಿದ್ದರೆ 100 ಜಿಬಿ ನುಂಗುತ್ತಿತ್ತು. ಮೂಲಪ್ರತಿಯನ್ನು, ದನಿ ಒಂದಿಷ್ಟೂ ಕೆಡದೆ ಕುಗ್ಗುವ ಫ್ಲ್ಯಾಕ್‌ನಲ್ಲಿ ಹೊರಗಿನ ಡಿಸ್ಕಿಗೆ ಹಾಕಿಟ್ಟಿದ್ದೇನೆ.

ತಲೆಬಿಸಿ ಆದದ್ದು ಕಳಿಸುವುದರಲ್ಲಿ. ಸುಳ್ಯದ ಆಚೆ ಇರುವ ಅತ್ತೆಗೆ ಸಿಗ್ನಲ್ ಸಿಗುವುದು ಅಡಿಕೆ ತೋಟದ ಬೇಲಿಯ ಹತ್ತಿರ ಮಾತ್ರ. 128 ಕಿಲೋಬಿಟ್ ಬಿಟ್‌ರೇಟಿನ (ಸೆಕೆಂಡಿಗೆ ಇಷ್ಟು ಡೇಟಾ ಎಂಬ ಲೆಕ್ಕ) ಎಂಪಿ3ಯಲ್ಲಿ ಸಿ-90ಯ ಒಂದು ಬದಿಗೇ 43 ಎಂಬಿ. ಅದು ಇಳಿಯುವವರೆಗೆ ಅವರು ಬೇಲಿ ಹಿಡಿದುಕೊಂಡು ನಿಲ್ಲಬೇಕು. ಎಂಪಿ3ಯನ್ನೇ 32ಕ್ಕೆ ಇಳಿಸಿದರೆ ಭಾಗವತರು ನೀರೊಳಗೆ ಕೂತು ಹಾಡಿದ ಹಾಗೆ ಕೇಳುತ್ತದೆ. ಕಡಿಮೆ ಬಿಟ್‌ರೇಟಿನಲ್ಲೂ ಚೆನ್ನಾಗಿ ಕೇಳುವ ಓಪಸ್ ಎಂಬ ಬಗೆಯ ಫೈಲು ಮಾಡುತ್ತೇನೆ ಅಂದೆ. "ಅದೆಲ್ಲ ಯಾರ ಫೋನಿನಲ್ಲೂ ಆಗುದಿಲ್ಲ" ಎಂದರು ತಿಳಿದವರು. ಅವರು ದಿನಾ ವಾಟ್ಸಾಪಿನಲ್ಲಿ ಕಳಿಸುವ ದನಿ ಸಂದೇಶವೂ ಓಪಸ್ಸೇ ಎಂದು ನಾನು ಹೇಳಲು ಹೋಗಲಿಲ್ಲ.

ಮೊದಲು, ಎಲ್ಲ ಫೈಲುಗಳನ್ನೂ ಸಾಲಾಗಿ ಪರಿವರ್ತಿಸಲು ಆಜ್ಞೆಗಳ ಬ್ಯಾಚ್ ಫೈಲ್ ಬರೆದೆ. ನಾನು ಫೈಲುಗಳಿಗೆಲ್ಲ ಕನ್ನಡದಲ್ಲೇ ಹೆಸರು ಇಡುವವ. ಬ್ಯಾಚ್ ಫೈಲ್ ಓಡುವ ಕಪ್ಪು ಕಿಟಕಿಯಲ್ಲಿ ಹೆಸರೆಲ್ಲ ಡಬ್ಬಿ ಡಬ್ಬಿ. ನನ್ನಲ್ಲಿದ್ದ ಹಳೆಯ ಎನ್‌ಕೋಡರಿಗೆ (ದನಿಯನ್ನು ಕುಗ್ಗಿಸುವ ಪ್ರೋಗ್ರಾಮು) ತಲುಪುವಾಗ ಅದು ಬರೀ ಪ್ರಶ್ನೆಚಿಹ್ನೆ, ಫೈಲೇ ಇಲ್ಲ ಎನ್ನುತ್ತಿತ್ತು. ವಿಂಡೋಸಿನಲ್ಲಿ ಹಳೆಯ ಪ್ರೋಗ್ರಾಮುಗಳು ಬಳಸುವಂಥ ಕೋಡ್‌ಪೇಜ್ (ಅಕ್ಷರಗಳ ಪಟ್ಟಿ) ಕನ್ನಡಕ್ಕೆ ಇಲ್ಲ, ಅದು ನಡೆಯುವುದು ಯೂನಿಕೋಡಿನಲ್ಲಿ. ಯೂನಿಕೋಡ್ ಗೊತ್ತಿಲ್ಲದ ಪ್ರೋಗ್ರಾಮಿಗೆ ನಮ್ಮ ಅಕ್ಷರ ಕಾಣುವುದೇ ಇಲ್ಲ.

ಹಾಡು ಕೇಳಲಿಕ್ಕೆಂದು ಹದಿನೈದು ವರ್ಷದಿಂದ ಇಟ್ಟುಕೊಂಡಿದ್ದ ಫೂಬಾರ್ 2000 ಎಂಬ ಪ್ಲೇಯರೇ ಇದಕ್ಕೂ ಮದ್ದಾಯಿತು. ಅದರ ಕನ್ವರ್ಟರ್ ತಾನೇ ಫೈಲನ್ನು ಓದಿ, ದನಿಯನ್ನು ಪೈಪಿನ ಮೂಲಕ, ಅಂದರೆ ನಡುವೆ ಫೈಲು ಇಲ್ಲದೆ ನೇರವಾಗಿ, ಎನ್‌ಕೋಡರಿಗೆ ಉಣಿಸುತ್ತದೆ. ಎನ್‌ಕೋಡರ್ ಬರೆಯುವುದು ಒಂದು ತಾತ್ಕಾಲಿಕ ಹೆಸರಿಗೆ. ಕನ್ನಡದ ಹೆಸರೂ ಟ್ಯಾಗೂ ಆಮೇಲೆ ಫೂಬಾರೇ ಹಚ್ಚುತ್ತದೆ. ಹಾಗಾಗಿ ಎನ್‌ಕೋಡರಿಗೆ ಕನ್ನಡ ಬಾರದಿದ್ದರೂ ನಡೆಯುತ್ತದೆ.

ಇಷ್ಟು ಸುಲಭವಾಗಿದ್ದರೆ ಎರಡು ಸಂಜೆ ಹಾಳಾಗುತ್ತಿರಲಿಲ್ಲ. ಕಸ್ಟಮ್ ಎನ್‌ಕೋಡರಿನಲ್ಲಿ ಓಪಸ್ ಫೈಲು ಮಾಡುವ ಓಪಸ್‌ಎಂಕ್ ತೋರಿಸಿ, ಪ್ಯಾರಾಮೀಟರ್ (ಅದಕ್ಕೆ ಕೊಡುವ ಸೂಚನೆಗಳ ಸಾಲು) ಹಾಕಿ ಒತ್ತಿದರೆ, ಎನ್‌ಕೋಡರ್ ಅವಧಿಗೆ ಮುಂಚೆ ನಿಂತಿದೆ, ಕೋಡ್ 1, ಪ್ಯಾರಾಮೀಟರ್ ನೋಡಿಕೋ ಎಂಬ ಉತ್ತರ. ಮೊದಲ ತಪ್ಪು ಬೇಗ ಸಿಕ್ಕಿತು. ಪರ್ಸೆಂಟ್ ಡಿ ಎಂಬುದಕ್ಕೆ (ಬರೆಯಬೇಕಾದ ಫೈಲಿನ ಹೆಸರು ಬರುವ ಜಾಗ) ಮೊದಲು ಒಂಟಿ ಹೈಫನ್ ಬೇಕು, ಪೈಪಿನಿಂದ ತಗೋ ಎಂದು ಹೇಳುವುದು ಅದೇ. ಅದನ್ನು ಹಾಕಿದ ಮೇಲೂ ಕೋಡ್ 1. ವ್ಯೂ ಮೆನುವಿನ ಕನ್ಸೋಲ್ ತೆರೆದರೆ ಫೂಬಾರ್ ಓಡಿಸಿದ ಇಡೀ ಸಾಲು ಕಾಣುತ್ತದೆ. ಅದನ್ನೇ ಹತ್ತು ಸಲ ಓದಿದೆ. ಎಲ್ಲ ಸರಿ.

ಮರುದಿನ ಅಕ್ಷರ ದೊಡ್ಡದು ಮಾಡಿ ನೋಡುವಾಗ ಗೊತ್ತಾಯಿತು. ನನ್ನ ಟಿಪ್ಪಣಿ ವರ್ಡ್ ಫೈಲಿನಲ್ಲಿತ್ತು, ಅಲ್ಲಿಂದಲೇ ಅಂಟಿಸಿದ್ದು. "ಬಿಟ್‌ರೇಟ್" ಎಂಬುದರ ಹಿಂದಿನ ಎರಡು ಹೈಫನ್ನುಗಳನ್ನು ವರ್ಡ್ ತನ್ನ ಬುದ್ಧಿ ಖರ್ಚು ಮಾಡಿ ಒಂದೇ ಉದ್ದ ಗೆರೆಯಾಗಿ ಹೊಸೆದಿತ್ತು. ಎನ್‌ಕೋಡರ್ ಅದನ್ನು ಯಾವುದೋ ಫೈಲಿನ ಹೆಸರೆಂದು ತಿಳಿದುಕೊಂಡಿತ್ತು. ಗೆರೆ ಅಳಿಸಿ, ಕೈಯಾರೆ ಎರಡು ಹೈಫನ್ ಒತ್ತಿದೆ. ಹೋಯಿತು! ನೋಟ್‌ಪ್ಯಾಡ್ ಬಿಟ್ಟು ಬೇರೆ ಕಡೆ ಇಂಥದ್ದನ್ನು ಬರೆದಿಡಬೇಡಿ.

ಪ್ಯಾರಾಮೀಟರಿಗೆ ಇಗ್ನೋರ್‌ಲೆಂತ್ ಅನ್ನೂ ಸೇರಿಸಿ, ಹೆಡರಿನಲ್ಲಿ ಬರೆದ ಉದ್ದವನ್ನು ನಂಬಬೇಡ ಎಂದು ಅದರ ಅರ್ಥ. ವೇವ್ ಫೈಲಿನ ಆರಂಭದ ಆ ಹೆಡರಿನಲ್ಲಿ 4 ಜಿಬಿ ಮೀರಿದ ಅಳತೆ ಹಿಡಿಸುವುದಿಲ್ಲ. ಇಡೀ ರಾತ್ರಿಯ ಆಟವೊಂದನ್ನು ಒಂದೇ ಫೈಲಾಗಿ ಇಟ್ಟಿದ್ದೆ. ಅದಿಲ್ಲದೆ ಮಾಡಿದ್ದು ಸರಿ ಬರಲಿಲ್ಲ, ಸೇರಿಸಿದ ಮೇಲೆ ಬೆಳಗಿನ ಮಂಗಳದವರೆಗೂ ಬಂತು.

ಬಿಟ್‌ರೇಟಿನಲ್ಲಿ ಸ್ವಲ್ಪ ಆಟ ಆಡಿದೆ. 24ರಲ್ಲಿ ಮಾತು ಚೆನ್ನಾಗಿದೆ, ಆದರೆ ಚಂಡೆ ಶೀಟಿನ ಮೇಲೆ ಮಳೆ ಹೊಯ್ದ ಹಾಗೆ. ಮಾತೇ ಹೆಚ್ಚಲ್ಲವೇ ಎಂದು ಸ್ಪೀಚ್ ಆಯ್ಕೆ ಕೊಟ್ಟು ನೋಡಿದರೆ ಚಂಡೆ ಇನ್ನೂ ಕೆಟ್ಟಿತು. ಅದನ್ನು ತೆಗೆದುಹಾಕಿ 32 ಮೋನೋಗೆ ನಿಂತೆ. ಎಬಿಎಕ್ಸ್ ಕಾಂಪೊನೆಂಟ್ ಹಾಕಿ, ಯಾವುದು ಯಾವುದೆಂದು ತಿಳಿಯದೆ ಕೇಳಿ ಗುರುತಿಸುವ ಕಣ್ಣುಮುಚ್ಚಿ ಪರೀಕ್ಷೆಯನ್ನೂ ಮಾಡಿದೆ. ಮೂಲಕ್ಕೂ 24ಕ್ಕೂ 16ರಲ್ಲಿ 15 ಸಲ ವ್ಯತ್ಯಾಸ ಹಿಡಿದೆ, 32ಕ್ಕೆ 9 ಸಲ. ಒಂಬತ್ತು ಅಂದರೆ ನಾಣ್ಯ ಚಿಮ್ಮಿದಷ್ಟೇ. ನನ್ನ ಕಿವಿಗೆ ಐವತ್ತು ದಾಟಿದೆ, ನಿಮ್ಮದು ಹೆಚ್ಚು ಹಿಡಿದೀತು.

ಮೋನೋ ಮಾಡುವಾಗ ಒಂದು ಹುಷಾರು. ನಾನು ಮೊದಲು ಎರಡೂ ಚಾನೆಲ್ ಕೂಡಿಸಿದೆ, ದನಿ ಮಂಕಾಯಿತು. ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡು ಸ್ವಲ್ಪ ಓರೆಯಾಗಿದ್ದರೆ ಎಡ ಬಲ ಒಂದನ್ನೊಂದು ತಿಂದು ಮೇಲಿನ ಸ್ವರ ಹೋಗುತ್ತದೆ. ಈಗ ಬಲದ್ದನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಅದಕ್ಕೆ ಮುಂಚೆ ಡಿಎಸ್‌ಪಿ (ದನಿ ತಿದ್ದುವ) ಸಾಲಿನಲ್ಲಿ ಇನ್ನೆರಡು ಕೂರಿಸಿದ್ದೇನೆ. ಅವು ಯಾವುವೆಂದು ಬಾವನಿಗೂ ಹೇಳಿಲ್ಲ.

ಫೂಬಾರಿನಲ್ಲಿ ಈಗ ನನ್ನ ಮೂರು ಪ್ರಿಸೆಟ್ಟುಗಳಿವೆ (ಒಮ್ಮೆ ಹೊಂದಿಸಿ ಹೆಸರಿಟ್ಟು ಉಳಿಸಿದ್ದು): ಅತ್ತೆ, ಅಕ್ಕನ ಮಗಳು, ಕಾರು. ಅತ್ತೆಯ ಹಳೆಯ ಆಂಡ್ರಾಯ್ಡ್, ಫೈಲಿನ ಹೆಸರಿನ ಕೊನೆಗೆ ಓಪಸ್ ಎಂಬ ಬಾಲ ಕಂಡರೆ ಫೈಲನ್ನೇ ತೋರಿಸುತ್ತಿರಲಿಲ್ಲ. ಬಾಲ ಮಾತ್ರ ಓಜಿಜಿ ಮಾಡಿದೆ, ಹಾಡಿತು. ಅಕ್ಕನ ಮಗಳದ್ದು ಐಫೋನು. ಅದಕ್ಕೆ ಎಎಸಿ ಬಗೆಯ ಫೈಲು ಮಾಡುವ ಕ್ಯೂಎಎಸಿ, ಅದರ ಜೊತೆಗೆ ಆಪಲ್ಲಿನ ಡಿಎಲ್‌ಎಲ್ ಬೇಕು. ಆ ಕತೆ ಇಲ್ಲಿ ಬೇಡ. ಕಾರಿಗೆ ಎಂಪಿ3 ಮಾಡುವ ಬಡಪಾಯಿ ಲೇಮ್.

ಅತ್ತೆಯ ಪ್ರಿಸೆಟ್ಟಿಗೆ ಇಡೀ ಸಂಗ್ರಹ 2.3 ಜಿಬಿ. ಕಂಪ್ಯೂಟರಿನ ಪ್ರೊಸೆಸರಿನಲ್ಲಿ ಕೋರ್ ಎಷ್ಟಿದೆಯೋ ಅಷ್ಟು ಎನ್‌ಕೋಡರ್ ಒಟ್ಟಿಗೆ ಓಡುವುದರಿಂದ, ರಾತ್ರಿ ಊಟಕ್ಕೆ ಕೂರುವಾಗ ಹಚ್ಚಿದ್ದು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಆರು ತಿಂಗಳು ಹೋದದ್ದು ಡೆಕ್ಕಿನ ಮುಂದೆ.

ಇಪ್ಪತ್ತು ಚಿಲ್ಲರೆ ಕ್ಯಾಸೆಟ್ಟು ಇನ್ನೂ ಬಾಕಿ. ಅದರಲ್ಲಿ ಮೂರರ ಟೇಪಿಗೆ ಮಳೆಗಾಲದ ಬೂಸಲು ಹಿಡಿದಿದೆ. ಅವನ್ನು ಡೆಕ್ಕಿಗೆ ಹಾಕುವ ಧೈರ್ಯ ಬಂದಿಲ್ಲ.