ಬೆರಳಿಗೆ ಸುಣ್ಣ ಹತ್ತುವ ಬೋಟು

ಕಳೆದ ವರ್ಷ ಚೌತಿ ಮುಗಿದ ಮರುವಾರ ಅಕ್ಕನ ಮಗ ಫೋನ್ ಮಾಡಿ, "ಮಾವಾ, ಒಂದು ಹಳೇ ಬೋಟು ತಗೊಂಡೆ, ನೀವೊಮ್ಮೆ ಬಂದು ನೋಡಬೇಕಿತ್ತು" ಅಂದ. ತಗೊಳ್ಳುವ ಮೊದಲು ಕೇಳುವವರು ನಮ್ಮ ಮನೆತನದಲ್ಲೇ ಇಲ್ಲ, ತಗೊಂಡ ಮೇಲೆ ಎಲ್ಲರಿಗೂ ನಾನು ಬೇಕು. ಹೋದೆ. ಗೋವೆಯ ಬೆತಿಂನಲ್ಲಿ ಮಾಂಡವಿ ನದಿಯ ದಂಡೆಗೆ ಎಳೆದು ನಿಲ್ಲಿಸಿದ್ದ ಹದಿನೆಂಟು ಅಡಿಯ ಫೈಬರ್ ಬೋಟು. ಒಂದು ಕಾಲಕ್ಕೆ ಕಡುನೀಲಿ ಇದ್ದದ್ದು, ಈಗ ಒಗೆದು ಒಗೆದು ಬಣ್ಣ ಬಿಟ್ಟ ಶಾಲೆಯ ಚಡ್ಡಿಯ ಹಾಗೆ. ಮೈಮೇಲೆ ಬೆರಳಾಡಿಸಿದೆ, ಸುಣ್ಣದ ಗೋಡೆಗೆ ತಾಗಿದ ಹಾಗೆ ಬೆಳ್ಳಗಾಯಿತು. "ಪೇಂಟ್ ಹೊಡೆಸಿಬಿಡಲಾ?" ಅಂತ ಅವನ ಅವಸರ.

ಬೇಡ ಅಂದೆ. ಬೋಟಿನ ಮೂತಿಯ ಹತ್ತಿರ ಹಳೇ ನೋಂದಣಿ ಸಂಖ್ಯೆಯ ಸ್ಟಿಕ್ಕರ್ ಕಿತ್ತ ಜಾಗ ತೋರಿಸಿದೆ. ಅಲ್ಲಿ ಅಂಕಿಗಳ ಆಕಾರದಲ್ಲೇ ನೀಲಿ ಬಣ್ಣ ಹೊಸದರ ಹಾಗೆ ಉಳಿದಿತ್ತು. ಬಿಸಿಲು ಬೀಳದಲ್ಲಿ ಬಣ್ಣಕ್ಕೆ ಏನೂ ಆಗಿಲ್ಲ. ಅಂದರೆ ರೋಗ ಮೇಲುಮೇಲಿನದ್ದು.

ನಾನು ಅಂಕೋಲೆಯವನು. 1986ರ ಜುಲೈನಲ್ಲಿ ಮಾಂಡವಿಯ ನೆಹರೂ ಸೇತುವೆ ಕುಸಿದು ಬಿತ್ತಲ್ಲ, ಅದೇ ವರ್ಷ ಗೋವೆಗೆ ಬಂದದ್ದು. ಪಣಜಿಯಿಂದ ಬೆತಿಂಗೆ ಫೆರಿಯಲ್ಲಿ ನಿಂತುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ. ಅಪ್ಪನ ಕಾಲದ ಮರದ ದೋಣಿಗೆ ಗೇರು ಎಣ್ಣೆ ಉಜ್ಜಿ ಬೆಳೆದ ಕೈ ಇದು. ಇಲ್ಲಿ ಫೈಬರಿಗೂ ಅದನ್ನೇ ಉಜ್ಜಿದರಾಯಿತು ಅಂದುಕೊಂಡು ಮೊದಲ ತಿಂಗಳೇ ಬೈಸಿಕೊಂಡೆ. ಮರ ಎಣ್ಣೆ ಕುಡಿಯುತ್ತದೆ, ಫೈಬರ್ ಕುಡಿಯುವುದಿಲ್ಲ. ಕೊಬ್ಬರಿ ಎಣ್ಣೆ, ಡೀಸೆಲ್ ಸವರಿ ಬೋಟು ಮಾರುವವರನ್ನು ಇವತ್ತಿಗೂ ನೋಡುತ್ತೇನೆ. ಎರಡು ದಿನ ಮಿರಮಿರ ಮಿಂಚುತ್ತದೆ, ಮೂರನೇ ದಿನ ಧೂಳೆಲ್ಲ ಅದಕ್ಕೇ ಅಂಟಿ ಮೊದಲಿಗಿಂತ ಕಡೆಯಾಗುತ್ತದೆ.

ಫೈಬರ್ ಬೋಟಿನ ಮೇಲೆ ಇರುವುದಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಬಣ್ಣ ಕಲೆಸಿದ ಪಾಲಿಯೆಸ್ಟರ್ ರೆಸಿನ್ ಅದು. ಅಚ್ಚಿನೊಳಗೆ ಮೊದಲು ಅದನ್ನು ಬಳಿದು, ಅದರ ಬೆನ್ನಿಗೆ ಗಾಜಿನ ನಾರಿನ ಮ್ಯಾಟ್ ಕೂರಿಸುತ್ತಾರೆ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಅಷ್ಟೇ. ಬಿಸಿಲಿನ ಅತಿನೇರಳೆ ಕಿರಣ ವರ್ಷಗಟ್ಟಲೆ ಬಿದ್ದು ಮೇಲಿನ ರೆಸಿನ್ ಪುಡಿಯಾಗುತ್ತದೆ, ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ. ಅದರ ಮೇಲೆ ಬಿದ್ದ ಬೆಳಕು ಚದುರಿ ಹೋಗುವುದರಿಂದ ಮಂಕಾಗಿ ಕಾಣುವುದು. ಬಿಳಿ ಬೋಟಿನಲ್ಲಿ ಇದು ಅಷ್ಟು ಎದ್ದು ಕಾಣುವುದಿಲ್ಲ. ನೀಲಿ, ಕೆಂಪು ಬೋಟಿನವರಿಗೆ ಮಾತ್ರ ನಾಲ್ಕೇ ವರ್ಷಕ್ಕೆ ಹೊಟ್ಟೆ ಉರಿಯುತ್ತದೆ. ಆ ಸತ್ತ ಪದರ ತೆಗೆದರೆ ಅಡಿಯಲ್ಲಿ ಹೊಳಪು ಇದ್ದೇ ಇದೆ. ಆದರೆ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಪ್ರತಿ ಸಲ ಉಜ್ಜುವಾಗಲೂ ಖರ್ಚಾಗುವುದು ಅದೇ ಅರ್ಧ ಮಿಲಿಮೀಟರ್. ಅದಕ್ಕೇ ನಾನು ಈ ಕೆಲಸದಲ್ಲಿ ಜಿಪುಣ.

ಮೊದಲು ಒಂದು ಮಗ್ ನೀರು ಎರಚಿ ನೋಡಿ. ಒದ್ದೆಯಾದಾಗ ಹಳೇ ಬಣ್ಣ ಗಾಢವಾಗಿ ತಿರುಗಿ ಬಂದರೆ ಪಾಲಿಶ್‌ಗೆ ಬಗ್ಗುವ ಬೋಟು. ಒದ್ದೆಯಾದರೂ ಮಬ್ಬೇ ಇದ್ದರೆ, ಅಥವಾ ಒಳಗಿನ ನಾರು ಜಾಲರಿಯ ಹಾಗೆ ಕಾಣುತ್ತಿದ್ದರೆ ಜೆಲ್‌ಕೋಟೇ ಮುಗಿದಿದೆ ಅಂತ ಲೆಕ್ಕ. ಅದಕ್ಕೆ ಎರಡು ಡಬ್ಬಿ ಕಲೆಸಿ ಹೊಡೆಯುವ ಪಾಲಿಯುರೆಥೇನ್ ಪೇಂಟೇ ಗತಿ. ಕೆಲಸಕ್ಕೆ ಜೊತೆಗಿದ್ದ ಗದಗ ಕಡೆಯ ಹುಡುಗ ನೀರು ಎರಚಿದವನೇ "ಅಜ್ಜಾರ, ಹೊಳಿಯಾಕತ್ತೇತ್ರೀ!" ಅಂತ ಕುಣಿದ. ಒಣಗಲಿ ತಡಿಯೋ ಅಂದೆ. ಐದು ನಿಮಿಷಕ್ಕೆ ಮತ್ತೆ ಶಾಲೆಯ ಚಡ್ಡಿ. ಆದರೂ ಆ ಐದು ನಿಮಿಷ ಕಂಡಿತಲ್ಲ, ಅಷ್ಟು ಸಾಕು.

ಇನ್ನು ತೊಳೆಯುವುದು. ಉಪ್ಪು ಒಣಗಿದ ಬೋಟನ್ನು ಒಣಬಟ್ಟೆಯಲ್ಲಿ ಒರೆಸಲೇಬೇಡಿ, ಉಪ್ಪಿನ ಹರಳೇ ಗೀರು ಹಾಕುತ್ತದೆ. ಸಿಹಿನೀರು ಧಾರಾಳವಾಗಿ ಬಿಟ್ಟು, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಮೆತ್ತಗಿನ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ. ಹಳೇ ವ್ಯಾಕ್ಸ್ ಅಲ್ಲಲ್ಲಿ ಉಳಿದಿದ್ದರೆ ಹತ್ತಿ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಒಂದೇ ದಿಕ್ಕಿಗೆ ಒರೆಸಿ. ಅಕ್ರಿಲಿಕ್ ಕಿಟಕಿಯ ಹತ್ತಿರ ಅಸಿಟೋನ್ ಒಯ್ಯಬೇಡಿ, ತಾಗಿದರೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಬೀಡಿ ಸೇದುವವರನ್ನೂ ದೂರ ಕಳಿಸಿ.

ಮಳೆಗಾಲದ ಕೆಂಪುನೀರಲ್ಲಿ ನಿಂತ ಬೋಟಿಗೆ ನೀರಿನ ಗೆರೆಯುದ್ದಕ್ಕೂ ಕಂದು ಕಲೆ ಕೂತಿರುತ್ತದೆ. ತುಕ್ಕು ಹಿಡಿದ ಸ್ಕ್ರೂ ಕೆಳಗೂ ಅಷ್ಟೆ, ಕಣ್ಣೀರು ಇಳಿದ ಹಾಗೆ. ಇದನ್ನು ಉಜ್ಜಿ ತೆಗೆಯಲು ಹೋಗಿ ಜೆಲ್‌ಕೋಟ್ ಸವೆಸಬೇಡಿ. ಆಕ್ಸಾಲಿಕ್ ಆಸಿಡ್ ಪುಡಿ ತನ್ನಿ, ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಹಾಕಿ ಕರಗಿಸಿ, ಸ್ಪಂಜಿನಲ್ಲಿ ಹಚ್ಚಿ. ಅದು ಕಬ್ಬಿಣದ ಕಲೆಯನ್ನು ಕರಗಿಸಿಕೊಂಡು ಬರುತ್ತದೆ. ಹತ್ತು ನಿಮಿಷದೊಳಗೆ, ಒಣಗಲು ಬಿಡದೆ ಚೆನ್ನಾಗಿ ತೊಳೆದುಬಿಡಿ. ಇದು ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಸೇರಿಸಬಾರದು, ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು. ನಮ್ಮನೆಯವಳು ಮುರುಗಲು (ಕೋಕಂ) ಸಿಪ್ಪೆ ಸೂಚಿಸಿದಳು. ತಾಮ್ರದ ಹಂಡೆಗೆ ಅದನ್ನು ಮೀರಿಸಿದ್ದಿಲ್ಲ, ಬೋಟಿಗೆ ಮಾತ್ರ ಬೇಡ ಮಾರಾಯ್ತಿ ಅಂದೆ.

ಈಗ ನಿಜವಾದ ಕೆಲಸ, ರಬ್ಬಿಂಗ್. ನೆರಳಲ್ಲೇ ಮಾಡಬೇಕು. ಬಿಸಿಲಿಗೆ ಕಾದ ಮೈಮೇಲೆ ಕಾಂಪೌಂಡ್, ಅಂದರೆ ಉಜ್ಜುವ ಪೇಸ್ಟು, ಕ್ಷಣದಲ್ಲಿ ಒಣಗಿ ಗಟ್ಟಿಯಾಗಿ ಕೂರುತ್ತದೆ. ನಾನು ಬೆಳಿಗ್ಗೆ ಏಳರಿಂದ ಹತ್ತು, ಮತ್ತೆ ನಾಲ್ಕರ ಮೇಲೆ ಮಾಡುತ್ತೇನೆ, ನಡುವೆ ಊಟ ಮಾಡಿ ನಿದ್ದೆ ಹೊಡೆಯುತ್ತೇನೆ. ಮೊದಲು ಹಿಂಬದಿಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಲ್ಲಿ, ಒಂದಡಿ ಜಾಗದಲ್ಲಿ ಎಲ್ಲಕ್ಕಿಂತ ನಯವಾದ ಪಾಲಿಶ್ ಹಾಕಿ ನೋಡಿ. ಅದಕ್ಕೇ ಹೊಳಪು ಬಂತೋ, ಅಲ್ಲಿಗೇ ನಿಲ್ಲಿಸಿ. ಬರದಿದ್ದರೆ ಮಾತ್ರ ಒರಟು ಕಾಂಪೌಂಡ್. ನಮ್ಮ ಬೋಟಿಗೆ ಒರಟೇ ಬೇಕಾಯಿತು.

ವೇಗ ಏರಿಸಿ ಇಳಿಸಬಹುದಾದ ಪಾಲಿಶರ್ ಇರಬೇಕು, ನಿಮಿಷಕ್ಕೆ 1,200ರಿಂದ 1,800 ಸುತ್ತಿನೊಳಗೆ ಓಡಿಸಬೇಕು. ಗ್ಯಾರೇಜಿನಲ್ಲಿ ಸಿಗುವ ಆ್ಯಂಗಲ್ ಗ್ರೈಂಡರಿಗೆ ಬಫ್ ಸಿಕ್ಕಿಸಿ ಹೊಡೆಯುವವರಿದ್ದಾರೆ. ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ರಾಕ್ಷಸ. ನಾನೂ ಒಮ್ಮೆ ಹೊಡೆದೆ, ಗಿರಾಕಿಯೊಬ್ಬರ ಬೋಟಿಗೆ, ಸಂಜೆಯೊಳಗೆ ಮುಗಿಸುವ ಆಸೆಯಲ್ಲಿ. ಮೂತಿಯ ಚೂಪು ಅಂಚಿನಲ್ಲಿ ಎರಡು ಸೆಕೆಂಡ್ ನಿಂತಿತೋ ಇಲ್ಲವೋ, ಸುಟ್ಟ ವಾಸನೆ ಬಂತು, ಕೈ ಎತ್ತಿದರೆ ನೀಲಿಯ ನಡುವೆ ಹೆಬ್ಬೆರಳಗಲ ಹಳದಿ ನಾರು ಇಣುಕುತ್ತಿತ್ತು. ಹೊಸ ಜೆಲ್‌ಕೋಟ್ ಹಚ್ಚಿ ಬಣ್ಣ ಹೊಂದಿಸಲು ನಾಲ್ಕು ದಿನ ಹಿಡಿಯಿತು, ಕೂಲಿ ಹೋಗಲಿ, ಕೈಯಿಂದಲೇ ದುಡ್ಡು ಹೋಯಿತು. ಅಂದಿನಿಂದ ಅಂಚು, ಮೂಲೆ, ಏಣು ಎಲ್ಲಕ್ಕೂ ಮೊದಲು ಮಾಸ್ಕಿಂಗ್ ಟೇಪ್ ಹಚ್ಚುತ್ತೇನೆ, ಕೊನೆಗೆ ಟೇಪ್ ಕಿತ್ತು ಅಷ್ಟನ್ನು ಕೈಯಲ್ಲೇ ಉಜ್ಜುತ್ತೇನೆ.

ಉಣ್ಣೆಯ ಪ್ಯಾಡ್ ಸ್ವಲ್ಪ ತೇವ ಮಾಡಿಕೊಂಡು, ಎರಡಡಿ ಉದ್ದ ಎರಡಡಿ ಅಗಲದ ಜಾಗಕ್ಕೆ ನಾಲ್ಕೈದು ಬೊಟ್ಟು ಕಾಂಪೌಂಡ್ ಇಟ್ಟು, ಮಿಷಿನ್ ಶುರು ಮಾಡುವ ಮೊದಲೇ ಪ್ಯಾಡಿನಿಂದ ಹರಡಿ. ಇಲ್ಲದಿದ್ದರೆ ಅಂಗಿ ಮೇಲೆಲ್ಲ ಚಿತ್ತಾರ. ಮಿಷಿನ್ ಭಾರವೇ ಸಾಕು, ನೀವು ಒತ್ತಬೇಡಿ, ಒಂದೇ ಕಡೆ ನಿಲ್ಲಿಸಲೂ ಬೇಡಿ. ಅಡ್ಡ ಒಂದು ಸಲ, ಉದ್ದ ಒಂದು ಸಲ. ಆಗಾಗ ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ ಸರಿ, ಕೈ ತಾಳದಷ್ಟು ಬಿಸಿಯಾದರೆ ನಿಲ್ಲಿಸಿ. ಪ್ಯಾಡಿಗೆ ಬೋಟಿನ ಬಣ್ಣ ಹತ್ತುತ್ತದೆ, ಹೆದರಬೇಡಿ, ಅದು ಸತ್ತ ಪದರ. ಅದನ್ನು ಆಗಾಗ ಬ್ರಷ್‌ನಿಂದ ಕೆರೆದು ತೆಗೆಯಿರಿ. ಮೂಗಿಗೆ ಮಾಸ್ಕ್ ಇರಲಿ. ವೈರ್ ಹೆಗಲ ಮೇಲಿಂದ ಬರಲಿ, ನೆಲದ ನೀರಲ್ಲಿ ಬಿದ್ದಿರಬಾರದು. ಒರಟು ಕಾಂಪೌಂಡ್ ಆದ ಮೇಲೆ ಒರೆಸಿ, ಸ್ಪಂಜಿನ ಪ್ಯಾಡಿಗೆ ಬದಲಿಸಿ ನಯ ಪಾಲಿಶ್.

ಇದಕ್ಕೂ ಬಗ್ಗದ ಜಾಗ ಇದ್ದರೆ ವಾಟರ್ ಪೇಪರ್, ಅಂದರೆ ನೀರು ಹಾಕಿ ತಿಕ್ಕುವ ಮರಳು ಕಾಗದ, ಹಿಡಿಯಬೇಕು. ಎಡಗಡೆ, ದಿನಾ ಪಡುವಣ ಬಿಸಿಲು ಹೊಡೆದ ಪಕ್ಕಕ್ಕೆ ನಮಗೆ ಬೇಕಾಯಿತು. 1000 ನಂಬರಿನಿಂದ ಶುರುಮಾಡಿ 1500, ಆಮೇಲೆ 2000, ನಂಬರ್ ಏರಿದಷ್ಟೂ ಪೇಪರ್ ನಯ. ಪೇಪರನ್ನು ಸೋಪು ನೀರಲ್ಲಿ ಕಾಲು ಗಂಟೆ ನೆನೆಸಿಡಿ. ಬರಿಗೈಯಲ್ಲಿ ತಿಕ್ಕಿದರೆ ಬೆರಳ ಒತ್ತಡದ ಗೆರೆ ಬೀಳುತ್ತದೆ, ಹಾಗಾಗಿ ಹಳೇ ಹವಾಯಿ ಚಪ್ಪಲಿಯ ಸೋಲ್ ಕತ್ತರಿಸಿ ಅದಕ್ಕೆ ಪೇಪರ್ ಸುತ್ತಿ. ಸೀಸದ ಕಡ್ಡಿಯಲ್ಲಿ ಮೈಮೇಲೆ ಬಲೆಯ ಹಾಗೆ ಗೆರೆ ಎಳೆದುಕೊಳ್ಳಿ, ಗೆರೆ ಎಲ್ಲ ಸಮನಾಗಿ ಮಾಯವಾದರೆ ಆ ನಂಬರಿನ ಕೆಲಸ ಮುಗಿಯಿತು. ಮುಂದಿನ ನಂಬರನ್ನು ಅಡ್ಡ ದಿಕ್ಕಿಗೆ ತಿಕ್ಕಿ, ಹಿಂದಿನ ಗೀರು ಉಳಿದಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. 2000 ಮುಗಿದಾಗ ಬೋಟು ಮೊದಲಿಗಿಂತ ಮಂಕಾಗಿ ಕಂಡು ಎದೆ ಧಸಕ್ ಅನ್ನುತ್ತದೆ. ಅಳಿಯನ ಮುಖವೂ ಬಿಳಿಚಿಕೊಂಡಿತ್ತು. ಮೇಲೆ ಕಾಂಪೌಂಡ್ ಬಿದ್ದಾಗಲೇ ಇಬ್ಬರಿಗೂ ಜೀವ ಬಂದದ್ದು. ನೀರಿನ ಗೆರೆಯ ಕೆಳಗೆ, ಚಿಪ್ಪು ಪಾಚಿ ಹಿಡಿಯದಂತೆ ಹೊಡೆದ ಬಣ್ಣದ ತಂಟೆಗೆ ಮಾತ್ರ ಹೋಗಬೇಡಿ. ಅದರ ಧೂಳು ವಿಷ, ಅದಕ್ಕೆ ಹೊಳಪೂ ಬೇಕಿಲ್ಲ.

ಹೊಳಪು ಬಂದ ಖುಷಿಯಲ್ಲಿ ವ್ಯಾಕ್ಸ್ ಮರೆಯುವವರೇ ಹೆಚ್ಚು. ಆ ಮೈ ಈಗ ಬೆತ್ತಲೆ, ಬಿಸಿಲಿಗೆ ನೇರ. ಕಾರ್ನೌಬಾ ವ್ಯಾಕ್ಸ್, ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವಂಥದ್ದು, ತೆಳ್ಳಗೆ ಹಚ್ಚಿ. ಮಬ್ಬಾಗಿ ಒಣಗಿದ ಮೇಲೆ ಬೆರಳಿಂದ ಒಂದು ಗೆರೆ ಎಳೆದು ನೋಡಿ, ಸ್ವಚ್ಛವಾಗಿ ಬಂದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮರುದಿನ ಇನ್ನೊಂದು ಸಲ. ದಪ್ಪ ಹಚ್ಚಿದರೆ ಹೆಚ್ಚು ಬಾಳುತ್ತದೆ ಅನ್ನುವುದು ಸುಳ್ಳು, ಒರೆಸಿ ಒರೆಸಿ ರಟ್ಟೆ ನೋಯುವುದಷ್ಟೇ ಲಾಭ. ಮುಂದೆ ಪೇಂಟ್ ಹೊಡೆಸುವ ಯೋಚನೆ ಇದ್ದರೆ ಸಿಲಿಕೋನ್ ಇರುವ ಪಾಲಿಶ್ ಬೇಡ, ಪೇಂಟ್ ಕಣ್ಣು ಕಣ್ಣಾಗಿ ಒಡೆಯುತ್ತದೆ. ಇನ್ನೊಂದು, ಕಾಲಿಡುವ ತಳಕ್ಕೆ ವ್ಯಾಕ್ಸ್ ಹಚ್ಚಲೇಬೇಡಿ. ಒದ್ದೆ ಕಾಲಲ್ಲಿ ಜಾರಿದರೆ ಸೊಂಟ ಹೋಗುತ್ತದೆ.

ಗೋವೆಯ ಬಿಸಿಲಿಗೆ ವ್ಯಾಕ್ಸ್ ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ನಿಲ್ಲುವುದನ್ನು ನಾನು ಕಂಡಿಲ್ಲ. ಚೌತಿ ಆದ ಮೇಲೆ ಒಂದು, ಹೊಸ ವರ್ಷದ ಗಲಾಟೆ ಕಳೆದು ಒಂದು, ಮೇ ತಿಂಗಳಲ್ಲಿ ಬೋಟು ಮೇಲೆಳೆಯುವ ಮೊದಲು ಒಂದು. ಮೀನು ಹಿಡಿಯುವ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ನಿಷೇಧ, ಕೈಯಲ್ಲಿ ಸಮಯ ಇರುತ್ತದೆ, ಆದರೆ ಆ ತೇವದಲ್ಲಿ ಪಾಲಿಶ್ ಕೆಲಸ ಹಿಡಿಯಬೇಡಿ. ಆಗ ಬೋಟಿಗೆ ತಾಡಪತ್ರಿ ಹೊದಿಸಿದರೆ ಸಾಕು. ಅದೂ ಮೈಗೆ ಅಂಟಿಕೊಳ್ಳದ ಹಾಗೆ, ನಡುವೆ ಬಿದಿರು ಕೊಟ್ಟು, ಎರಡೂ ತುದಿಗೆ ಗಾಳಿ ಆಡುವಂತೆ. ಮೈಗೆ ತಾಗುವಂತೆ ಕಟ್ಟಿದರೆ ಹಗ್ಗ ಗಾಳಿಗೆ ಅಲುಗಾಡಿ ತಿಂಗಳೊಪ್ಪತ್ತಿನಲ್ಲಿ ಒಂದೊಂದು ಗೆರೆ ಕೊರೆದಿರುತ್ತದೆ.

ಅಳಿಯನ ಬೋಟಿಗೆ ಮೂರು ದಿನ ಹಿಡಿಯಿತು. ನೀಲಿ ಪೂರ್ತಿ ತಿರುಗಿ ಬಂತು ಅಂತ ಹೇಳುವುದಿಲ್ಲ, ಒಂದಾಣೆ ಕಡಿಮೆ. ಹಳೇ ಅಂಕಿಗಳ ನೆರಳು ಇನ್ನೂ ಸಣ್ಣಗೆ ಕಾಣುತ್ತಿತ್ತು. ಅದನ್ನೂ ಅಳಿಸಿಬಿಡಿ ಮಾವಾ ಅಂತ ಗೋಗರೆದ. ಇನ್ನು ಉಜ್ಜಲ್ಲ, ಹೊಸ ಸಂಖ್ಯೆಯ ಸ್ಟಿಕ್ಕರನ್ನು ಸರಿಯಾಗಿ ಅದರ ಮೇಲೇ ಅಂಟಿಸು ಅಂದು ಮಿಷಿನ್ ವೈರ್ ಸುತ್ತಿಕೊಂಡೆ.