ಮಡ್ಡಿಯ ಕರಿ ಹೊಪ್ಪಳಿಕೆಗೆ ಹೆಪ್ಪು ಹಾಕುವುದು ಹೇಗೆ?

ಮುಂಡರಗಿ, ಶಿರಹಟ್ಟಿ ಕಡೆಯ ಮಸಾರಿ ಮಡ್ಡಿಗಳಲ್ಲಿ (ಕೆಂಪು ಮಣ್ಣಿನ ದಿಬ್ಬಗಳಲ್ಲಿ) ಬೇಸಿಗೆಗೆ ಅಡ್ಡಾಡಿದವರು ಹುಲ್ಲಿನ ಬುಡಗಳ ನಡುವೆ ಸುಟ್ಟಂತೆ ಕಾಣುವ ಕಪ್ಪು ಪದರ ನೋಡಿರುತ್ತಾರೆ. ಅದೇ ಕರಿ ಹೊಪ್ಪಳಿಕೆ. ಹೊಲಸೆಂದು ಕೆರೆದು ಹಾಕುವವರೂ ಇದ್ದಾರೆ. ಅದು ನೀಲಿಹಸಿರು ಪಾಚಿ, ಹಾವಸೆ, ಕಲ್ಲುಹೂವು ಸೇರಿ ನೇಯ್ದ ಜೀವಂತ ಹೊದಿಕೆ. ಪಾಚಿಯ ಅಂಟುದಾರ ಮಣ್ಣಿನ ಕಣಗಳನ್ನು ಕಟ್ಟಿ ಹಿಡಿಯುತ್ತದೆ, ಗಾಳಿ ಮಳೆಗೆ ನೆಲ ಕಿತ್ತು ಹೋಗುವುದು ತಗ್ಗುತ್ತದೆ. ಇದರಲ್ಲಿರುವ ನಾಸ್ಟಾಕ್ ಎಂಬ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನೂ ಮಣ್ಣಿಗಿಳಿಸುತ್ತದೆ.

ಮೊದಲು ಗುರುತು. ಮಳೆ ಬಡಿದು ಬಿರುಸಾದ ಮಣ್ಣನ್ನೇ ಇದೆಂದು ತಿಳಿಯಬೇಡಿ. ನೀರು ಚಿಮುಕಿಸಿ ಐದು ನಿಮಿಷ ಕಾಯಿರಿ. ಹಸಿರೇರಿದರೆ ಜೀವವಿದೆ.

ಎರೆ ಹೊಲದಲ್ಲಿ ಈ ಸಾಹಸ ಬೇಡ, ಉಬ್ಬಿ ಬಿರಿಯುವ ನೆಲದಲ್ಲಿ ಪದರ ನಿಲ್ಲುವುದು ಕಷ್ಟ.

ಹೆಪ್ಪನ್ನು, ಅಂದರೆ ಹೊಸ ಜಾಗಕ್ಕೆ ಚೆಲ್ಲಲು ಬೇಕಾದ ಜೀವಂತ ಪದರವನ್ನು, ಲೇಔಟಿಗೋ ರಸ್ತೆಗೋ ಅಗೆಯಲಿರುವ ಜಾಗದಿಂದ, ಮಾಲೀಕರನ್ನು ಕೇಳಿ ತನ್ನಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿಂದ ಒಂದು ಹಿಡಿಯೂ ಬೇಡ.

ಎಲ್ಲರೂ ಕೆಡಿಸುವುದು ಮುಂದಿನ ಕೆಲಸವನ್ನೇ. ಪದರ ಪೂರ್ತಿ ಒಣಗಿದಾಗ ಕುರ್ಪಿಯನ್ನು ಅಡ್ಡ ಹಿಡಿದು ಅರ್ಧ ಸೆಂಟಿಮೀಟರ್ ಮಾತ್ರ ಎತ್ತಿ. ಜೀವವಿರುವುದು ಮೇಲಿನ ಕೆಲವೇ ಮಿಲಿಮೀಟರಿನಲ್ಲಿ, ಅದರ ಕೆಳಗೆ ಬರೀ ಮಣ್ಣು. ಕೈಯಿಂದ ಅವಲಕ್ಕಿಯಷ್ಟು ಚೂರು ಮಾಡಿ, ಹಿಟ್ಟು ಮಾಡಬೇಡಿ. ಬಟ್ಟೆಚೀಲದಲ್ಲಿ ಒಣಗಿದ್ದು ಒಣಗಿದಂತೆಯೇ ಇರಲಿ. ನಮ್ಮ ಪಕ್ಕದ ಹೊಲದವರು ‘ಬೇಗ ಬೆಳೀಲಿ’ ಎಂದು ಬಕೆಟ್ಟಿನಲ್ಲಿ ನೆನೆಹಾಕಿ ಮುಚ್ಚಿಟ್ಟರು. ಮೂರನೇ ದಿನ ಗಟಾರದ ವಾಸನೆ! ಸೆಗಣಿ, ಯೂರಿಯಾ ಬೆರೆಸಿದರೆ ಕಳೆ ಎದ್ದು ಬೆಳಕು ಮುಚ್ಚುತ್ತದೆ. ಇನ್ನು ಅಂಗಡಿಯ ಪಾಚಿ ಪುಡಿ. ಅದು ಭತ್ತದ ಗದ್ದೆಯಲ್ಲಿ ನಿಂತ ನೀರಿಗೆಂದು ಮಾಡಿದ್ದು. ಮಡ್ಡಿಗೆ ಹಾಕಿದರೆ ದುಡ್ಡು ದಂಡ.

ಪುನರ್ವಸು, ಪುಷ್ಯದ ಜಿಟಿಜಿಟಿ ಮಳೆ ಹಿಡಿದಾಗ ಚೆಲ್ಲಿ. ಗುಡುಗಿನ ಮಳೆಗೆ ಚೆಲ್ಲಿದ್ದು ಹಳ್ಳ ಸೇರುತ್ತದೆ. ಒಂದು ಚದರಡಿಯ ಚೂರು ಹತ್ತು ಚದರಡಿಗಾಯಿತು. ಮೇಲೆ ಮಣ್ಣು ಮುಚ್ಚದೆ ಅಂಗೈಯಿಂದ ತಟ್ಟಿ.

ಚೀನಾದ ಶಾಪೊಟೊದಲ್ಲಿ ರೈಲು ಹಳಿ ಉಳಿಸಲು 1950ರ ದಶಕದಲ್ಲಿ ಮರಳಿನ ಮೇಲೆ ಮೀಟರಿಗೊಂದರಂತೆ ಹುಲ್ಲಿನ ಚೌಕ ಹೂಳಿದರು. ಮರಳು ನಿಂತ ಮೇಲೆ ಈ ಪದರ ತಾನಾಗಿ ಬಂತು. ನಮಗೆ ಅಂಥ ಚೌಕಕ್ಕೆ ಜೋಳದ ಕಣಿಕೆ ಸಾಕು, ಗೇಣುದ್ದ ಹೊರಗುಳಿಯುವಂತೆ ಹೂಳಿ.

ಮೊದಲು ಕಪ್ಪು ಛಾಯೆ ಬರುತ್ತದೆ, ಹಾವಸೆಗೆ ವರ್ಷಗಳು, ಕಲ್ಲುಹೂವಿಗೆ ದಶಕಗಳೇ ಬೇಕಾದಾವು. ಅಲ್ಲಿಯವರೆಗೆ ಮುಳ್ಳುಬೇಲಿ ಇರಲಿ, ಕುರಿಗಾರರಿಗೂ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ಎರಡು ಮಳೆಗಾಲದ ಕೆಲಸವನ್ನು ಒಂದು ಹಿಂಡು ಮಧ್ಯಾಹ್ನದೊಳಗೆ ಪುಡಿ ಮಾಡಿ ಹೋಯಿತು.