ಶಾಲೆಗೆ ಮಾಸ್ತರು ಸಾಲದಿದ್ದರೆ ಅರ್ಜಿ ಬರೆಯುವ ಬಗೆ

ಹಾಜರಿ ಪುಸ್ತಕ ಆಮೇಲೆ ನೋಡಿ, ಮೊದಲು ದಾಖಲಾತಿ ವಹಿ ತೆಗೆಸಿ. ಈ ಮಾತು ನನಗೆ ತಡವಾಗಿ ತಿಳಿಯಿತು.

ಲಿಂಗಸುಗೂರು ತಾಲ್ಲೂಕಿನ ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನು ಸದಸ್ಯೆ. ಒಂದರಿಂದ ಐದನೇ ತರಗತಿವರೆಗೆ 94 ಮಕ್ಕಳು, ಇಬ್ಬರೇ ಮಾಸ್ತರು. ಒಬ್ಬರು ಮೀಟಿಂಗಿಗೆ ಹೋದರೆ ಉಳಿದವರು ಅಷ್ಟೂ ಮಕ್ಕಳನ್ನು ಪಡಸಾಲೆಯಲ್ಲಿ ಕೂಡಿಸಿ ಗದ್ದಲ ಆಗದಂತೆ ಕಾಯುತ್ತಾರೆ, ಅಷ್ಟೇ. ಹೋದ ವರ್ಷ ಹತ್ತಿ ಬಿಡಿಸುವ ದಿನಗಳಲ್ಲಿ ಕಚೇರಿಯೊಂದಕ್ಕೆ ಹೋಗಿ ಇನ್ನಷ್ಟು ಮಾಸ್ತರು ಬೇಕೆಂದು ಕೇಳಿದೆವು. "ಐವತ್ತು ಮಕ್ಕಳೂ ಬರಲ್ಲ, ಇಬ್ಬರು ಸಾಕಲ್ಲಮ್ಮ" ಅಂದರು. ಏನು ಹೇಳಬೇಕೋ ತೋಚದೆ ಎದ್ದು ಬಂದೆವು.

ಮನೆಯಲ್ಲಿ ಮಗಳ ಕೈಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಓದಿಸಿದೆ. ಕೊನೆಯಲ್ಲಿ ಒಂದು ಅನುಸೂಚಿ ಇದೆ. ಶಾಲೆ ಹೇಗಿರಬೇಕು ಅನ್ನುವ ಲೆಕ್ಕ ಅಲ್ಲೇ ಇರೋದು. ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಮಗಳ ಬೆರಳು ಒಂದು ಪದದ ಮೇಲೆ ನಿಂತಿತು: ದಾಖಲಾದ ಮಕ್ಕಳು. ಆ ದಿನ ಬಂದು ಕೂತವರಲ್ಲ! ಹತ್ತಿ ಹೊಲದಲ್ಲಿ ಬೆರಳು ಗೀರಿಸಿಕೊಳ್ಳುತ್ತಿರುವ ಹುಡುಗಿಯೂ ಲೆಕ್ಕಕ್ಕೆ ಬರುತ್ತಾಳೆ. ಅವಳು ವಾಪಸ್ ಬಂದಾಗ ಕಲಿಸಲು ಮಾಸ್ತರು ಇರಬೇಕಲ್ಲ?

ಹಾಗಾಗಿ ಅರ್ಜಿಯಲ್ಲಿ ಗೋಳು ತೋಡಿಕೊಳ್ಳಬೇಡಿ, ಲೆಕ್ಕ ಬರೆಯಿರಿ. ತರಗತಿವಾರು ದಾಖಲಾತಿ, ಈಗಿರುವ ಕಾಯಂ ಶಿಕ್ಷಕರು, ಅನುಸೂಚಿ ಪ್ರಕಾರ ಇರಬೇಕಾದವರು. ಅತಿಥಿ ಶಿಕ್ಷಕರಿದ್ದರೆ ಬೇರೆ ಸಾಲಿನಲ್ಲಿ ತೋರಿಸಿ. ಅಂಕಿಗಳಿಗೆ ಮುಖ್ಯಗುರುಗಳ ಸಹಿ ಬೇಕು; ಅವರನ್ನು ಎದುರು ಹಾಕಿಕೊಳ್ಳಬೇಡಿ, ಮಾಸ್ತರು ಕಡಿಮೆಯಾದರೆ ಹೆಚ್ಚು ಬಳಲುವವರು ಅವರೇ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೆಬ್ಬೆಟ್ಟು ಒತ್ತುವ ತಾಯಂದಿರನ್ನೂ ಕರೆಯಿರಿ.

ಅರ್ಜಿಯಲ್ಲಿ ಕಾಯ್ದೆಯ 32ನೇ ಕಲಂ ನಮೂದಿಸಿ, ದೂರು ಕೊಡುವ ಬಗ್ಗೆ ಇರುವುದು ಅದೇ. ಆ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರ (ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆ) ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಒಂದು ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ನಮ್ಮ ಅರ್ಜಿಗೆ ಒಬ್ಬ ಟೀಚರ್ ನಿಯೋಜನೆ ಮೇಲೆ ಬಂದಿದ್ದಾರೆ. ನಾಲ್ಕನೆಯವರಿಗಾಗಿ ಸೋಮವಾರ ಮತ್ತೆ ಹೊರಟಿದ್ದೇವೆ.